ಬ್ಯಾಂಕಾಕ್‌ಗೆ ಹೋಗಿಬರಲು ಎಷ್ಟು ದುಡ್ಡು ಬೇಕು?

"ಬ್ಯಾಂಕಾಕ್‌ಗೆ ನಾಲ್ಕು ದಿನ ಹೋಗಿಬರೋಕೆ ಎಷ್ಟಾಗುತ್ತೆ?" ಪದೇ ಪದೇ ಬರುವ ಈ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ಒಂದು ಕೋಣೆ ಹಂಚಿಕೊಂಡರೆ, ವಿಮಾನ ಮತ್ತು ಶಾಪಿಂಗ್ ಬಿಟ್ಟು ಒಬ್ಬರಿಗೆ ಸುಮಾರು 7,500 ಬಾತ್. ಒಂದು ಬಾತ್‌ಗೆ ಮೂರು ರೂಪಾಯಿ ಎಂದು ಹಿಡಿಯಿರಿ. ಲೆಕ್ಕ ಸುಲಭ, ಕಾರ್ಡಿನ ಕಮಿಷನ್ನೂ ಬಹುಪಾಲು ಅದರಲ್ಲೇ ಮುಚ್ಚಿಹೋಗುತ್ತದೆ. ಅಂದರೆ 22,500 ರೂಪಾಯಿ.

ಇದು ಬಂದದ್ದು ಹೀಗೆ. ದಿನಕ್ಕೆ 1,400 ಬಾತ್‌ನ ಕೋಣೆಯಲ್ಲಿ ನಿಮ್ಮ ಪಾಲು 700, ಊಟ ತಿಂಡಿ 400, ಓಡಾಟ 150. ನಾಲ್ಕು ದಿನಕ್ಕೆ 5,000. ನೋಡಲೇಬೇಕಾದ ಜಾಗಗಳ ಟಿಕೆಟ್ 1,100. ವಿಮಾನ ನಿಲ್ದಾಣದ ರೈಲು, ಫೋನಿನ ಸಿಮ್ ಎಲ್ಲ ಸೇರಿ 400. ಉಳಿದ ಸಾವಿರ ಕೈಕಾವಲಿಗೆ. ಇದರಲ್ಲಿ ಐಷಾರಾಮ ಇಲ್ಲ, ಹೊಟ್ಟೆ ಕಟ್ಟುವುದೂ ಇಲ್ಲ.

ಆದರೆ ಇದೇ ಊರಿಗೆ ಹೋದ ಅನೇಕರು ಇದರ ಎರಡರಷ್ಟು ಖರ್ಚು ಮಾಡಿ ಬರುತ್ತಾರೆ. ಅವರ ದುಡ್ಡು ದೊಡ್ಡ ಜಾಗಗಳಲ್ಲಿ ಹೋಗಿರುವುದಿಲ್ಲ, ಓಡಾಟದಲ್ಲಿ ಸೋರಿರುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಬ್ಯಾಂಕಾಕ್ ಬಜೆಟ್ ಎಂದರೆ ಮೊದಲಿಗೆ ಹೋಟೆಲ್ ಎಲ್ಲಿದೆ ಎನ್ನುವ ಪ್ರಶ್ನೆ. ಅದು ಸರಿಹೋದರೆ ಉಳಿದದ್ದು ಹೆಚ್ಚುಕಡಿಮೆ ತಾನಾಗಿ ಸರಿಹೋಗುತ್ತದೆ.

ನಮ್ಮವರು ಹೆಚ್ಚಾಗಿ ಇಳಿದುಕೊಳ್ಳುವುದು ಪ್ರತುನಾಮ್‌ನಲ್ಲಿ. ಬಟ್ಟೆ ಮಾರುಕಟ್ಟೆ ಪಕ್ಕದಲ್ಲೇ ಇದೆ, ಇಂಡಿಯನ್ ಹೋಟೆಲುಗಳಿವೆ, ಕೋಣೆಯೂ ಅಗ್ಗ. ತೊಂದರೆ ಏನೆಂದರೆ ಅಲ್ಲಿನ ಎಷ್ಟೋ ಹೋಟೆಲುಗಳಿಂದ ಮೆಟ್ರೋ ನಿಲ್ದಾಣಕ್ಕೆ ಹದಿನೈದು ಇಪ್ಪತ್ತು ನಿಮಿಷ ನಡೆಯಬೇಕು. ಆ ಸೆಕೆಯಲ್ಲಿ ಯಾರೂ ಎರಡನೇ ದಿನ ನಡೆಯುವುದಿಲ್ಲ, ಟ್ಯಾಕ್ಸಿ ಹತ್ತುತ್ತಾರೆ. ಸಂಜೆ ಐದರ ಮೇಲೆ ಆ ರಸ್ತೆಗಳು ಸಿಲ್ಕ್ ಬೋರ್ಡ್ ಜಂಕ್ಷನ್ನೇ. ಕೋಣೆಯಲ್ಲಿ ಉಳಿಸಿದ 300 ಬಾತ್ ಟ್ಯಾಕ್ಸಿಗೆ ಹೋಗುತ್ತದೆ, ಜೊತೆಗೆ ದಿನಕ್ಕೆ ಎರಡು ಗಂಟೆ.

ದೇವಾಲಯ, ಅರಮನೆ ನೋಡುವುದೇ ಮುಖ್ಯವಾದರೆ ಎಂಆರ್‌ಟಿ ಎಂಬ ಮೆಟ್ರೋದ ನೀಲಿ ಮಾರ್ಗದ ಸಾಮ್ ಯೋಟ್, ವಾಟ್ ಮಂಗ್ಕೋನ್ ಅಥವಾ ಸನಾಮ್ ಚಾಯ್ ನಿಲ್ದಾಣದ ಹತ್ತಿರ ಹುಡುಕಿ. 2019ರಲ್ಲಿ ಈ ಭಾಗ ತೆರೆದ ಮೇಲೆ ಹಳೇ ಊರನ್ನು ನೋಡುವ ರೀತಿಯೇ ಬದಲಾಯಿತು. ಸನಾಮ್ ಚಾಯ್‌ನಲ್ಲಿ ಇಳಿದರೆ ವಾಟ್ ಫೋ ದೇವಾಲಯ ಐದಾರು ನಿಮಿಷದ ನಡಿಗೆ. ಶಾಪಿಂಗ್, ರಾತ್ರಿ ತಿರುಗಾಟ ಮುಖ್ಯವಾದರೆ ಕಂಬಗಳ ಮೇಲೆ ಓಡುವ ಇನ್ನೊಂದು ಮೆಟ್ರೋ ಬಿಟಿಎಸ್‌ನ ಫಯಾ ಥಾಯ್, ರಾಚತೇವಿ, ಅಸೋಕ್ ಸುತ್ತ. ಬುಕ್ ಮಾಡುವಾಗ 'ನಿಲ್ದಾಣಕ್ಕೆ 500 ಮೀಟರ್' ಎಂಬ ಜಾಹೀರಾತು ನಂಬಬೇಡಿ. ಮ್ಯಾಪಿನಲ್ಲಿ ನಡಿಗೆಯ ದಾರಿ ಹಾಕಿ ನೋಡಿ. ಅಲ್ಲಿನ ಗಲ್ಲಿಗಳು, ಅಂದರೆ 'ಸೋಯ್'ಗಳು, ಎಷ್ಟೋ ಕಡೆ ಇನ್ನೊಂದು ತುದಿಯಲ್ಲಿ ಮುಚ್ಚಿರುತ್ತವೆ. ನೇರ ದೂರಕ್ಕೂ ನಡೆಯುವ ದೂರಕ್ಕೂ ಸಂಬಂಧವೇ ಇರುವುದಿಲ್ಲ.

ಹೊರಡುವ ಮೊದಲು ಎರಡು ಕಾಗದದ ಕೆಲಸ. ಭಾರತೀಯರಿಗೆ 2024ರ ಜುಲೈನಲ್ಲಿ 60 ದಿನದ ವೀಸಾರಹಿತ ಪ್ರವೇಶ ಕೊಟ್ಟರು. ಇಂಥ ನಿಯಮ ಬದಲಾಗುತ್ತಲೇ ಇರುತ್ತದೆ, ಟಿಕೆಟ್ ಮಾಡಿಸುವ ಮುನ್ನ ಥಾಯ್ ರಾಯಭಾರ ಕಚೇರಿಯ ಪುಟ ನೋಡಿಕೊಳ್ಳಿ. ಎರಡನೆಯದು ಟಿಡಿಎಸಿ ಎಂಬ ಡಿಜಿಟಲ್ ಆಗಮನ ಚೀಟಿ, 2025ರ ಮೇ 1ರಿಂದ ಕಡ್ಡಾಯ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಪೂರ್ತಿ ಉಚಿತ. ಹುಡುಕಿದಾಗ ಮೇಲೆ ಬರುವ ಯಾವುದೋ ಪುಟ ಇದಕ್ಕೆ ಡಾಲರ್ ಕೇಳಿದರೆ ಅದು ಸರ್ಕಾರದ್ದಲ್ಲ.

ಇನ್ನು ದುಡ್ಡು. ವಿಮಾನ ಇಳಿದ ಕೂಡಲೇ ಸಾಮಾನು ಬರುವ ಜಾಗದಲ್ಲಿ ಕಾಣುವ ಬ್ಯಾಂಕ್ ಕೌಂಟರುಗಳಲ್ಲಿ ಕೈಗೆ ಸಿಗುವ ಬಾತ್ ಕಡಿಮೆ. ಸುವರ್ಣಭೂಮಿ ನಿಲ್ದಾಣದಲ್ಲೇ ಕೆಳಗೆ, ರೈಲು ಹತ್ತುವ ಮಹಡಿಯಲ್ಲಿ, ಸೂಪರ್‌ರಿಚ್‌ನಂಥ ಖಾಸಗಿ ವಿನಿಮಯದ ಅಂಗಡಿಗಳಿವೆ. ಅಲ್ಲಿ ದರ ಕಣ್ಣಿಗೆ ಕಾಣುವಷ್ಟು ಉತ್ತಮ. ಪಾಸ್‌ಪೋರ್ಟ್ ತೋರಿಸಬೇಕು. 100 ಡಾಲರಿನ ನೋಟಿಗೆ ಸಿಗುವ ದರ 20ರ ನೋಟಿಗೆ ಸಿಗುವುದಿಲ್ಲ. ಹರಿದ, ಗೀಚಿದ ನೋಟು ವಾಪಸ್ ಬರುತ್ತದೆ.

ಎಟಿಎಂ ಬಳಸುವುದಾದರೆ ಹೊರದೇಶದ ಕಾರ್ಡಿಗೆ ಅಲ್ಲಿನ ಬ್ಯಾಂಕುಗಳು ಪ್ರತಿ ಸಲ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತವೆ. ಮೊತ್ತ ಎಷ್ಟೇ ಇರಲಿ, ಶುಲ್ಕ ಅಷ್ಟೇ. 2,000 ಬಾತ್ ತೆಗೆದರೆ ಶೇಕಡ 11 ಹೋಯಿತು, 10,000 ತೆಗೆದರೆ ಶೇಕಡ 2.2. ತೆಗೆದರೆ ಒಂದೇ ಸಲ ತೆಗೆಯಿರಿ. ಪರದೆಯಲ್ಲಿ "ರೂಪಾಯಿಯಲ್ಲಿ ಲೆಕ್ಕ ಹಾಕಲೇ?" ಎಂದು ಕೇಳುತ್ತದೆ. ಬೇಡ ಎನ್ನಿ, ಬಾತ್‌ನಲ್ಲೇ ಇರಲಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹಾಕಿದ್ದು. ಹಣ್ಣಿನ ಗಾಡಿಯಲ್ಲೂ ಕ್ಯೂಆರ್ ಕೋಡ್ ನೇತಾಡುತ್ತಿರುತ್ತದೆ, ಅದು ಥಾಯ್ ಬ್ಯಾಂಕುಗಳ ಪ್ರಾಂಪ್ಟ್‌ಪೇ. ಯುಪಿಐ ನಂಬಿಕೊಂಡು ಬರಿಗೈಯಲ್ಲಿ ಹೋಗಬೇಡಿ.

ಸುವರ್ಣಭೂಮಿಯಿಂದ ಊರೊಳಕ್ಕೆ ಏರ್‌ಪೋರ್ಟ್ ರೈಲ್ ಲಿಂಕ್. ಕೊನೆಯ ನಿಲ್ದಾಣ ಫಯಾ ಥಾಯ್‌ಗೆ 45 ಬಾತ್, ಅರ್ಧ ಗಂಟೆ, ಅಲ್ಲಿಂದ ಬಿಟಿಎಸ್. ಮಕ್ಕಸಾನ್‌ನಲ್ಲಿ ಇಳಿದರೆ ಎಂಆರ್‌ಟಿ. ರೈಲು ನಡುರಾತ್ರಿಯ ಹೊತ್ತಿಗೆ ನಿಲ್ಲುತ್ತದೆ, ಮತ್ತೆ ಶುರುವಾಗುವುದು ಬೆಳಗಿನ ಜಾವ. ಬೆಂಗಳೂರಿನಿಂದ ತಡರಾತ್ರಿ ಹೊರಡುವ ವಿಮಾನಗಳು ಇಳಿಯುವುದು ಬಹುಪಾಲು ನಸುಕಿನಲ್ಲಿ (ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ), ಹಾಗಾಗಿ ಸ್ವಲ್ಪ ಕಾದರೆ ರೈಲು ಸಿಗುತ್ತದೆ. ನಾಲ್ಕು ಜನರ ಸಂಸಾರ, ಸೂಟ್‌ಕೇಸು ಇದ್ದರೆ ಮಾತ್ರ ಮೀಟರ್ ಟ್ಯಾಕ್ಸಿಯೇ ಲೇಸು. ಕೆಳಮಹಡಿಯ ಯಂತ್ರದಲ್ಲಿ ಚೀಟಿ ತೆಗೆದುಕೊಳ್ಳಿ. ಮೀಟರಿನ ಮೇಲೆ 50 ಬಾತ್ ನಿಲ್ದಾಣದ ಶುಲ್ಕ, ಟೋಲ್ ಬೇರೆ. ಈ ಎರಡನ್ನೂ ಕೇಳಿದರೆ ಅದು ಮೋಸವಲ್ಲ, ನಿಯಮವೇ ಹಾಗೆ. ಮೀಟರ್ ಹಾಕದೆ "ಫೈವ್ ಹಂಡ್ರೆಡ್" ಎಂದರೆ ಇಳಿದುಬಿಡಿ. ಡಾನ್ ಮುಯಾಂಗ್ ಎಂಬ ಇನ್ನೊಂದು ವಿಮಾನ ನಿಲ್ದಾಣ ಊರಿನ ಉತ್ತರಕ್ಕಿದೆ. ಟಿಕೆಟಿನಲ್ಲಿ ಯಾವುದೆಂದು ನೋಡಿಕೊಂಡೇ ಹೋಟೆಲ್ ಹಿಡಿಯಿರಿ.

ಊರೊಳಗೆ ಬಿಟಿಎಸ್, ಎಂಆರ್‌ಟಿ ಬೇರೆ ಬೇರೆ ಕಂಪನಿಗಳವು. ಅಸೋಕ್‌ನಲ್ಲೋ ಸಾಲಾ ಡೇಂಗ್‌ನಲ್ಲೋ ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಟಿಕೆಟ್ ಮತ್ತೆ ಹೊಸದಾಗಿ ತೆಗೆಯಬೇಕು, ಇದನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಎಂಆರ್‌ಟಿ ಗೇಟಿನಲ್ಲಿ ಕಾಂಟ್ಯಾಕ್ಟ್‌ಲೆಸ್ ವೀಸಾ, ಮಾಸ್ಟರ್‌ಕಾರ್ಡ್ ತಾಗಿಸಿ ಹೋಗಬಹುದು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ರುಪೇ ಮಾತ್ರ ಇದ್ದರೆ ಕೌಂಟರಿನಲ್ಲಿ ಟೋಕನ್ ತೆಗೆದುಕೊಳ್ಳಿ. ಟುಕ್‌ಟುಕ್ ನಮ್ಮ ಆಟೋ ಥರ ಕಾಣುತ್ತದೆ ಎಂದು ಅಗ್ಗ ಅಂದುಕೊಳ್ಳಬೇಡಿ. ಅದೇ ದಾರಿಗೆ ಎಸಿ ಟ್ಯಾಕ್ಸಿ ಮೀಟರಿನಲ್ಲಿ ಹೆಚ್ಚಾಗಿ ಕಡಿಮೆಗೇ ಬರುತ್ತದೆ.

ಎಲ್ಲಕ್ಕಿಂತ ಒಳ್ಳೆಯ ವಾಹನ ದೋಣಿ. ಬಿಟಿಎಸ್‌ನ ಸಫಾನ್ ತಾಕ್ಸಿನ್‌ನಲ್ಲಿ ಇಳಿದರೆ ಕೆಳಗೇ ಸಾಥೋರ್ನ್ ದೋಣಿಕಟ್ಟೆ. ಅಲ್ಲಿ ಮೊದಲು ಎದುರಾಗುವವರು ಪ್ರವಾಸಿಗರ ದೋಣಿಯ 150 ಬಾತ್ ದಿನದ ಪಾಸ್ ಮಾರುತ್ತಾರೆ. ನಿಮಗೆ ಬೇಕಾದದ್ದು ಕಿತ್ತಳೆ ಬಾವುಟದ ದೋಣಿ, ಎಷ್ಟು ದೂರ ಹೋದರೂ 16 ಬಾತ್. ಅದೇ ಚಾವ್ ಫ್ರಯಾ ನದಿ, ಅದೇ ನೋಟ. ದಿನಕ್ಕೆ ಎರಡು ಮೂರು ಸಲ ಹತ್ತುವವರಿಗೆ ಪಾಸ್ ದಂಡ. ಕಿತ್ತಳೆ ದೋಣಿ ಸಂಜೆಗೆ ನಿಂತುಹೋಗುತ್ತದೆ, ವಾಪಸಾತಿ ನೋಡಿಕೊಳ್ಳಿ.

ಮೊದಲ ದಿನವೇ ದೊಡ್ಡ ಅರಮನೆಗೆ ಹೋಗಿ. ಬೆಳಿಗ್ಗೆ 8:30ಕ್ಕೆ ತೆರೆಯುತ್ತದೆ, ಮಧ್ಯಾಹ್ನ 3:30ಕ್ಕೆ ಟಿಕೆಟ್ ನಿಲ್ಲುತ್ತದೆ. ಬೆಲೆ 500 ಬಾತ್, ದುಬಾರಿಯೇ. ಆದರೆ 1782ರಲ್ಲಿ ಮೊದಲನೆಯ ರಾಮ ಈ ರಾಜಧಾನಿ ಕಟ್ಟಿದಾಗಿನಿಂದ ಊರು ಬೆಳೆದದ್ದೇ ಇದರ ಸುತ್ತ, ಬಿಡಬೇಡಿ. ಭುಜ, ಮೊಣಕಾಲು ಮುಚ್ಚಿರಬೇಕು. ತೋಳಿಲ್ಲದ ಕುರ್ತಾದ ಮೇಲೆ ದುಪಟ್ಟಾ ಹೊದ್ದರೆ ಒಪ್ಪುತ್ತಾರೆ ಎಂದು ಭಾವಿಸಬೇಡಿ, ತೋಳಿರುವ ಬಟ್ಟೆಯೇ ಇರಲಿ. ಒಳಗಿನ ಪಚ್ಚೆ ಬುದ್ಧನ ವಿಗ್ರಹ ಬರೀ 66 ಸೆಂಟಿಮೀಟರ್, ಎತ್ತರದ ಪೀಠದ ಮೇಲಿದೆ. ಜನ ಅದನ್ನು ನೋಡಿ, ಫೋಟೋ ತೆಗೆಯಲು ಬಿಡಲಿಲ್ಲವೆಂದು ಗೊಣಗಿ, ಹೊರಗೆ ನಡೆಯುತ್ತಾರೆ.

ನಮಗೆ ನಿಜವಾದ ಆಸ್ತಿ ಇರುವುದು ಸುತ್ತಲಿನ ಮೊಗಸಾಲೆಯ ಗೋಡೆಯಲ್ಲಿ: 178 ಚಿತ್ರಫಲಕಗಳಲ್ಲಿ ಥಾಯ್ ರಾಮಾಯಣ, ರಾಮಕಿಯೆನ್. ಬಿಳಿ ಮೈಯವನು ಹನುಮಂತ, ಹಸಿರು ಮುಖದವನು ತೋಸಕನ್, ಅಂದರೆ ದಶಕಂಠ. ಚಿನ್ನದ ಲೇಪವಿರುವುದು ಕಿರೀಟಕ್ಕೆ, ಒಡವೆಗೆ, ಅರಮನೆಗೆ. ಮೂಲೆಗಳಲ್ಲಿ ಸಾಮಾನ್ಯ ಜನರ ಬದುಕೂ ಇದೆ, ಹತ್ತಿರ ಹೋಗಿ ನೋಡಿದರೇ ಕಾಣುವುದು. ಅಲ್ಲಿನ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆಯ ಕಲ್ಲು ಕದಿಯಲು ಬಂದ ರಾವಣನ ಮಗಳು, ಮತ್ಸ್ಯಕನ್ಯೆ ಸುವನ್ನಮಚ್ಚಾ, ಅವನ ಪ್ರೇಯಸಿ. ಹಿರಿಯರ ಜೊತೆ ಹೋಗಿದ್ದರೆ ಈ ಕಥೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಅರಮನೆಯ ಟಿಕೆಟಿನಲ್ಲೇ ಸಾಲಾ ಚಲೆರ್ಮ್‌ಕ್ರುಂಗ್ ರಂಗಮಂದಿರದ 'ಖೋನ್' ಪ್ರದರ್ಶನವೂ ಸೇರಿದೆ, ವಾರದ ದಿನಗಳಲ್ಲಿ. ಮುಖವಾಡ ತೊಟ್ಟು ಆಡುವ ರಾಮಾಯಣ; ಯಕ್ಷಗಾನ ನೋಡಿ ಬೆಳೆದವರಿಗೆ ಹೆಜ್ಜೆ ಹೊಸದಾದರೂ ಪ್ರಸಂಗ ಹೊಸದಲ್ಲ. ಎಷ್ಟೋ ಜನ ಟಿಕೆಟನ್ನು ಕಸದಬುಟ್ಟಿಗೆ ಹಾಕಿ ಬರುತ್ತಾರೆ. ಇಟ್ಟುಕೊಳ್ಳಿ, ಆಟದ ಸಮಯವನ್ನು ಅಲ್ಲೇ ಕೇಳಿ.

ಅರಮನೆಯ ಗೋಡೆಯ ಹತ್ತಿರ ಒಳ್ಳೆ ಅಂಗಿ ತೊಟ್ಟ ಒಬ್ಬರು ಬಂದು "ಇವತ್ತು ಅರಮನೆ ಮುಚ್ಚಿದೆ, ಪೂಜೆ ಇದೆ" ಎನ್ನುತ್ತಾರೆ. 20 ಬಾತ್‌ಗೆ ಮೂರು ದೇವಸ್ಥಾನ ತೋರಿಸುವ ಟುಕ್‌ಟುಕ್ ಪಕ್ಕದಲ್ಲೇ ನಿಂತಿರುತ್ತದೆ. ಅದು ಹೋಗಿ ನಿಲ್ಲುವುದು ಹರಳಿನ ಅಂಗಡಿ ಅಥವಾ ಸೂಟ್ ಹೊಲಿಯುವ ದರ್ಜಿಯ ಮುಂದೆ. ಅರಮನೆ ಮುಚ್ಚಿದೆಯೋ ಇಲ್ಲವೋ ಎಂದು ಬಾಗಿಲವರೆಗೆ ಹೋಗಿ ನೀವೇ ನೋಡಿ.

ಅರಮನೆಯಿಂದ ದಕ್ಷಿಣಕ್ಕೆ ನಡೆದರೆ ವಾಟ್ ಫೋ, 300 ಬಾತ್. ಮಲಗಿದ ಬುದ್ಧ 46 ಮೀಟರ್ ಉದ್ದ. ಎಲ್ಲರೂ ಮುಖದ ಕಡೆ ನೂಕಾಡುತ್ತಾರೆ, ಪಾದದ ಕಡೆ ಹೋಗಿ: ಅಂಗಾಲಿನಲ್ಲಿ ಮುತ್ತಿನಚಿಪ್ಪು ಕೂರಿಸಿ ಮಾಡಿದ 108 ಮಂಗಳ ಚಿಹ್ನೆಗಳಿವೆ. ಅಲ್ಲಿಂದ ತಾ ತಿಯೆನ್ ಕಟ್ಟೆಗೆ ಬಂದು 5 ಬಾತ್ ಕೊಟ್ಟರೆ ಆಚೆ ದಡದ ವಾಟ್ ಅರುಣ್. ಅದರ ಟಿಕೆಟ್ 200. ಬಿಸಿಲು ಇಳಿದ ಮೇಲೆ ಹೋಗಿ, ಮೆಟ್ಟಿಲು ಕಡಿದು, ನೆರಳಿಲ್ಲ. ಈ ಮೂರರ ಜೊತೆ ಇನ್ನೊಂದು ದಿನ ವಾಟ್ ಸಾಕೇತ್‌ನ ಚಿನ್ನದ ಗುಡ್ಡ, 100 ಬಾತ್. ಮೇಲಿನಿಂದ ಇಡೀ ಹಳೇ ಊರು ಕಾಣುತ್ತದೆ. ನೂರಾರು ಬಾತ್ ತೆತ್ತು ಗಾಜಿನ ಕಟ್ಟಡದ ತುದಿ ಹತ್ತುವುದಕ್ಕಿಂತ ನನಗೆ ಇದೇ ವಾಸಿ. ಲುಂಫಿನಿ ಪಾರ್ಕ್, ಎರವಾನ್‌ನ ಬ್ರಹ್ಮನ ಗುಡಿ, ಸಿಲೋಮ್‌ನ ಮಾರಿಯಮ್ಮನ ಗುಡಿ, ಬ್ಯಾಂಕಾಕ್ ಕಲಾ ಮತ್ತು ಸಂಸ್ಕೃತಿ ಕೇಂದ್ರ (ಸೋಮವಾರ ರಜೆ): ಇವಕ್ಕೆಲ್ಲ ದುಡ್ಡಿಲ್ಲ. ಚತುಚಕ್ ಸಂತೆ ನೋಡಬೇಕಾದರೆ ಶನಿವಾರ ಭಾನುವಾರ ಸಿಗುವಂತೆ ಟಿಕೆಟ್ ಮಾಡಿಸಿ.

ಊಟ. ಮಾಂಸ ತಿನ್ನುವವರಿಗೆ ಚಿಂತೆಯೇ ಇಲ್ಲ, 60 ಬಾತ್‌ಗೆ ಬೀದಿಯಲ್ಲಿ ತಟ್ಟೆ ತುಂಬುತ್ತದೆ. ಸಸ್ಯಾಹಾರಿಗಳು "ನೋ ಮೀಟ್" ಎಂದರೆ ಸಾಲದು. ಮೀನಿನ ಸಾಸ್ 'ನಾಮ್ ಪ್ಲಾ' ಅಲ್ಲಿ ಉಪ್ಪಿನ ಬದಲು, ಥಾಯ್ ಕರ್ರಿಯ ಮಸಾಲೆಯಲ್ಲಿ ಸೀಗಡಿ ಅರೆದಿರುತ್ತಾರೆ, ಪಪ್ಪಾಯಿ ಸಲಾಡ್ ಸೋಮ್ ತಾಮ್‌ನಲ್ಲೂ ಒಣ ಸೀಗಡಿ. "ಕಿನ್ ಜೇ" ಎನ್ನಿ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ' ಎಂದಿರುವ ಅಂಗಡಿಯಲ್ಲಿ ಮಾಂಸ, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮಡಿ ಊಟ ಬೇಕೆನ್ನುವ ಅಜ್ಜಿಗೂ ಇದು ಸರಿಹೋಗುತ್ತದೆ. ಅಸೋಕ್‌ನ ಟರ್ಮಿನಲ್ 21 ಮಾಲ್‌ನ ಪಿಯರ್ 21 ಫುಡ್ ಕೋರ್ಟ್‌ನಲ್ಲಿ ಬೆಲೆ ಬೀದಿಯಷ್ಟೇ. ಕಾರ್ಡಿಗೆ ದುಡ್ಡು ಹಾಕಿಸಿಕೊಂಡು ತಿಂದು, ಉಳಿದದ್ದನ್ನು ಕೌಂಟರಿನಲ್ಲಿ ವಾಪಸ್ ತೆಗೆದುಕೊಳ್ಳಬೇಕು. ಇಂಡಿಯನ್ ಹೋಟೆಲಿನಲ್ಲಿ ದಿನಾ ಎರಡು ಹೊತ್ತು ಉಂಡರೆ ಒಬ್ಬರಿಗೆ 400 ಬಾತ್ ಸಾಲದು, 700 ಹಿಡಿಯಿರಿ. ಭಾರತೀಯರ ಬಡಾವಣೆಯಾದ ಫಹುರಾತ್‌ನ ಅಂಗಡಿಗಳಲ್ಲಿ, ಅಸೋಕ್ ಇರುವ ಸುಖುಮ್ವಿತ್ ರಸ್ತೆಗಿಂತ ಕಡಿಮೆ.

ಕಾಲದ ವಿಷಯ: ನವೆಂಬರಿನಿಂದ ಫೆಬ್ರವರಿ ಹಿತ, ಆದರೆ ಕೋಣೆ ತುಟ್ಟಿ. ಸೆಪ್ಟೆಂಬರ್, ಅಕ್ಟೋಬರ್ ಮಳೆ. ಏಪ್ರಿಲ್ 13ರಿಂದ 15ರ ಸೊಂಗ್‌ಕ್ರಾನ್ ನೀರಾಟಕ್ಕೆ ಹೋಗುವವರು ಫೋನಿಗೆ ಪ್ಲಾಸ್ಟಿಕ್ ಚೀಲ ಕೊಳ್ಳಿ, ಬೀದಿ ಊಟದ ಅಂಗಡಿಗಳು ಅನೇಕ ಮುಚ್ಚಿರುತ್ತವೆ ಎಂಬುದನ್ನೂ ನೆನಪಿಡಿ. ಇ-ಸಿಗರೇಟು ಯಾವ ಕಾಲದಲ್ಲೂ ಒಯ್ಯಬೇಡಿ, ಅಲ್ಲಿ ಕಾನೂನುಬಾಹಿರ.

ಶಾಪಿಂಗನ್ನು ನಾನು ಲೆಕ್ಕದಿಂದ ಹೊರಗಿಟ್ಟಿದ್ದೇನೆ, ಅದಕ್ಕೆ ಮಿತಿ ಹಾಕುವುದು ಯಾರ ಕೈಲೂ ಆಗದು. ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್ ಮೀರಿ ಕೊಂಡರೆ ವ್ಯಾಟ್ ವಾಪಸಾತಿಯ ಅರ್ಜಿ ಕೇಳಿ ಪಡೆಯಿರಿ, ಪಾಸ್‌ಪೋರ್ಟ್ ಬೇಕಾಗುತ್ತದೆ. ಕೊಂಡದ್ದು ಒಟ್ಟು 20,000 ಬಾತ್ ಅಥವಾ ಹೆಚ್ಚಾದರೆ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಒಪ್ಪಿಸುವ ಮುನ್ನವೇ ಕಸ್ಟಮ್ಸ್ ಮುದ್ರೆ ಹಾಕಿಸಬೇಕು. ಅಂಥ ಸಾಮಾನು ಒಳಗೆ ಹೋದ ಮೇಲೆ ಅರ್ಜಿ ಹಿಡಿದು ನಿಂತರೆ ಕೊಡುವುದಿಲ್ಲ.