ಈ ಕಂಬಿ ಯಾರ ತಲೆಗೆ?

ಕಳೆದ ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಹೊರಟಿದ್ದಾಗ, ಒಂದು ಕೆರೆ ಏರಿಯ ಕೆಳಗೆ ಟ್ರ್ಯಾಕ್ಟರ್ ಮಗುಚಿ ಬಿದ್ದಿದ್ದನ್ನು ಕಂಡು ನಿಲ್ಲಿಸಿದೆವು. ಚಾಲಕ ಹೇಗೋ ಹಾರಿಕೊಂಡು ಬದುಕಿದ್ದ. ಏರಿಯ ಮೇಲೆ ಕುಳಿತು, ಯಾರೋ ಕೊಟ್ಟ ನೀರನ್ನು ಕುಡಿಯಲೂ ಆಗದೆ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ನಡುಗುತ್ತಿದ್ದ. ಜೆಸಿಬಿ ಬಂದು ಟ್ರ್ಯಾಕ್ಟರನ್ನು ಎತ್ತಿ ನಿಲ್ಲಿಸಿದಾಗ ನೋಡಿದರೆ, ಸ್ಟಿಯರಿಂಗ್ ಚಕ್ರ ಸೀಟಿನೊಳಕ್ಕೆ ಒತ್ತಿಕೊಂಡಿತ್ತು. ಅವನು ಕುಳಿತಿದ್ದ ಜಾಗ ಎಂಬುದೇ ಅಲ್ಲಿ ಉಳಿದಿರಲಿಲ್ಲ.

ಆ ದಿನ ನಮ್ಮ ಹೆರಾಲ್ಡ್ ಕಾರನ್ನು ಓಡಿಸುತ್ತಿದ್ದವಳು ನನ್ನ ಮಗಳು. ಅವಳು ಆ ಸ್ಟಿಯರಿಂಗನ್ನು ಬಹಳ ಹೊತ್ತು ನೋಡಿ, ಆಮೇಲೆ ನಮ್ಮ ಕಾರಿನ ಮುಂಗಾಜಿನ ತೆಳ್ಳನೆಯ ಚೌಕಟ್ಟಿನ ಮೇಲೆ ಕೈಯಿಟ್ಟು ಕೇಳಿದಳು: "ಅಪ್ಪ, ನಮ್ಮ ಕಾರು ಹೀಗೆ ಮಗುಚಿದ್ರೆ ಏನು ತಡೆಯುತ್ತೆ?" ನಾನು ಉತ್ತರ ಹೇಳಲಿಲ್ಲ. ಏನೂ ತಡೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ನಮ್ಮದು 1962ರ ಟ್ರಯಂಫ್ ಹೆರಾಲ್ಡ್, ಬಟ್ಟೆಯ ಹೊದಿಕೆಯನ್ನು ಹಿಂದಕ್ಕೆ ಮಡಚಬಹುದಾದ ತೆರೆದ ಕಾರು. ನಮ್ಮ ತಂದೆಯವರು ಅದನ್ನು ಕೆ.ಜಿ.ಎಫ್.ನ ಒಂದು ಕುಟುಂಬದಿಂದ ಕೊಂಡು ತಂದಿದ್ದರು. 1147 ಸಿ.ಸಿ. ಇಂಜಿನ್, ಸುಮಾರು 800 ಕಿಲೋ ತೂಕ. ಇಡೀ ಬಾನೆಟ್ ಮುಂದಕ್ಕೆ ತೆರೆದುಕೊಳ್ಳುವುದರಿಂದ ಮುಂದಿನ ಚಕ್ರದ ಮೇಲೆಯೇ ಕುಳಿತು ರಿಪೇರಿ ಮಾಡಬಹುದು. 25 ಅಡಿ ಅಗಲದ ಜಾಗ ಸಿಕ್ಕರೆ ಸಾಕು, ಪೂರ್ತಿ ಸುತ್ತು ತಿರುಗುತ್ತದೆ. ಆದರೆ ಆ ಕಾರಿಗೆ ಒಂದು ಕೆಟ್ಟ ಗುಣವೂ ಇದೆ. ಹಿಂದಿನ ಎರಡು ಚಕ್ರಗಳ ಆಕ್ಸಲ್‌ಗಳು ಇಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ನಡುವಿನ ಡಿಫರೆನ್ಷಿಯಲ್‌ನ ಬಳಿ ಮಾತ್ರ ಮಡಿಯುತ್ತವೆ. ವೇಗವಾಗಿ ತಿರುಗುತ್ತಿರುವಾಗ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಂಭಾಗ ಮೇಲೇಳುತ್ತದೆ, ಹೊರಬದಿಯ ಚಕ್ರ ಒಳಕ್ಕೆ ಮಡಿದುಕೊಳ್ಳುತ್ತದೆ, ಕಾರು ಹಿಂದಿನಿಂದ ಜಾರುತ್ತದೆ. ರಸ್ತೆ ಕೆಟ್ಟಿದ್ದರೆ ಉರುಳಲೂಬಹುದು. ಇದನ್ನೆಲ್ಲ ನಾನು ಓದಿ ತಿಳಿದದ್ದು ಈಚೆಗೆ. ಏನನ್ನೂ ಓದದ ತಂದೆಯವರು ನಂದಿ ಬೆಟ್ಟದಿಂದ ಇಳಿಯುವಾಗಲೆಲ್ಲ ಹೇಳುತ್ತಿದ್ದರು: "ನಿಧಾನ ಮಾಡೋದಾದ್ರೆ ತಿರುವಿಗೆ ಮುಂಚೇನೇ ಮಾಡ್ಕೊ. ತಿರುವಿನೊಳಗೆ ಹೋದ ಮೇಲೆ ಕಾಲು ಎತ್ತಬೇಡ." ಆ ಮಾತು ನನ್ನ ಕಾಲಿಗೆ ಅಭ್ಯಾಸವಾಗಿದೆ. ಹೊಸ ಕಾರುಗಳಲ್ಲಿ ಕಲಿತ ಮಗಳ ಕಾಲಿಗೆ ಇನ್ನೂ ಆಗಿಲ್ಲ.

ಆದ್ದರಿಂದ ಸೋಮವಾರವೇ ರೋಲ್ ಬಾರ್, ಅಂದರೆ ಕಾರು ಮಗುಚಿದಾಗ ತಲೆಯನ್ನು ಕಾಯಲೆಂದು ಸೀಟಿನ ಹಿಂದೆ ನಿಲ್ಲಿಸುವ ಪೈಪಿನ ಕಮಾನನ್ನು, ಹಾಕಿಸಲು ಹೊರಟೆ. ಮೊದಲು ಹೋದದ್ದು ಕಾರಿನ ಅಲಂಕಾರದ ಸಾಮಾನು ಮಾರುವ ಒಂದು ಅಂಗಡಿಗೆ. ಅಲ್ಲಿಯ ಹುಡುಗ ಹೊಳೆಯುವ ಸ್ಟೀಲ್ ಪೈಪಿನ ಕಮಾನೊಂದನ್ನು ತೋರಿಸಿ, ನೆಲದ ತಗಡಿಗೆ ನಾಲ್ಕು ಬೋಲ್ಟ್ ಹೊಡೆದರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ ಎಂದ. ಕಾರು ಮಗುಚಿದರೆ ಈ ಕಮಾನು ತಡೆಯುತ್ತದೆಯೇ ಎಂದು ಕೇಳಿದ್ದಕ್ಕೆ, "ಲುಕ್ ಸೂಪರ್ ಇರುತ್ತೆ ಅಂಕಲ್" ಎಂದ. ಆ ಮಾತು ಈಗಲೂ ನನ್ನ ಮೈ ಉರಿಸುತ್ತದೆ. ಜೀವ ಉಳಿಸುವ ವಸ್ತುವಿನ ಆಕಾರವನ್ನು ಮಾತ್ರ ಮಾರುವುದು, ಏನನ್ನೂ ಮಾರದೆ ಇರುವುದಕ್ಕಿಂತ ದೊಡ್ಡ ತಪ್ಪು. ಏನೂ ಇಲ್ಲದವನು ಎಚ್ಚರದಿಂದಲಾದರೂ ಓಡಿಸುತ್ತಾನೆ.

ಹಳೆಯ ಕಾರುಗಳ ಮೇಲೆ ಪ್ರಾಣವನ್ನೇ ಇಟ್ಟಿರುವ ಸ್ನೇಹಿತರೊಬ್ಬರ ವಾದ ಬೇರೆಯದು. ಬ್ಯಾಂಕಿನಿಂದ ನಿವೃತ್ತರಾದ ಅವರು ತಮ್ಮ ಕಾರಿನ ಒಂದು ಸ್ಕ್ರೂ ಬದಲಾಯಿಸಬೇಕಾದರೂ ತಿಂಗಳುಗಟ್ಟಲೆ ಮೂಲದ ಸ್ಕ್ರೂವನ್ನೇ ಹುಡುಕುವವರು. ಅವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದರ ಚಾಸಿ, ಬಾಡಿ, ಇಂಜಿನ್ ಗಣನೀಯವಾಗಿ ಮಾರ್ಪಟ್ಟಿರಬಾರದು ಎಂದು ಅವರು ನೆನಪಿಸಿದರು. ಅದು ಸರಿಯಾದ ಎಚ್ಚರಿಕೆ. ಆದ್ದರಿಂದ ಏನೇ ಮಾಡಿದರೂ ಕೊಯ್ಯದೆ, ವೆಲ್ಡ್ ಮಾಡದೆ, ಬಿಚ್ಚಿ ತೆಗೆಯಬಹುದಾದಂತೆ ಬೋಲ್ಟ್‌ಗಳಿಂದಲೇ ಮಾಡಿಸಬೇಕೆಂದು ನಿಶ್ಚಯಿಸಿದೆ. ಆದರೆ "ಮಿಕೆಲೊಟ್ಟಿ ಬರೆದ ಗೆರೆಯ ಮೇಲೆ ಗೆರೆ ಎಳೀತೀರಾ?" ಎಂದು ಅವರು ಕೇಳಿದ್ದನ್ನು ಮಾತ್ರ ಒಪ್ಪಲಾಗಲಿಲ್ಲ. ಹೆರಾಲ್ಡನ್ನು ವಿನ್ಯಾಸಗೊಳಿಸಿದ ಜೊವಾನಿ ಮಿಕೆಲೊಟ್ಟಿಯವರೇ ಅದೇ ಕಂಪನಿಗೆ ರೂಪಿಸಿದ ಸ್ಟ್ಯಾಗ್ ಎಂಬ ತೆರೆದ ಕಾರು 1970ರಲ್ಲಿ ಹೊರಬಂದಾಗ, ಸೀಟುಗಳ ಹಿಂದೆ ಒಂದು ಗಟ್ಟಿ ಕಮಾನು ಕಣ್ಣಿಗೆ ರಾಚುವಂತೆ ನಿಂತಿತ್ತು.

ಬುಧವಾರ ಹೋದದ್ದು ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ. ಈ ವಾರವೆಲ್ಲ ನನ್ನೊಳಗೆ ಮರುಕಳಿಸುತ್ತಿರುವುದು ಅವರ ಮಾತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, 8 ಎಂ.ಎಂ. ಸರಳನ್ನು ಕಮಾನಿನಂತೆ ಬಗ್ಗಿಸಿ ಸೀಟಿನ ಹಿಂದೆ ನಿಲ್ಲಿಸಿದರು. ಹೊದಿಕೆ ಅದರ ಮೇಲೆ ಮುಚ್ಚುತ್ತದೆಯೋ ಇಲ್ಲವೋ ನೋಡಿಕೊಂಡು ಎತ್ತರವನ್ನು ಗುರುತು ಮಾಡಿದರು. ನನ್ನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಉದ್ದನೆಯ ಮರದ ಪಟ್ಟಿಯ ಒಂದು ತುದಿಯನ್ನು ಮುಂಗಾಜಿನ ಚೌಕಟ್ಟಿನ ಮೇಲೆ, ಇನ್ನೊಂದು ತುದಿಯನ್ನು ಸರಳಿನ ಮೇಲೆ ಇಡಲು ಹೋದರು. ಪಟ್ಟಿ ನನ್ನ ತಲೆಗೆ ಬಡಿದು ನಿಂತಿತು.

"ಈ ಕಂಬಿ ಯಾರ ತಲೆಗೆ ಸಾರ್?" ಎಂದು ಕೇಳಿದರು.

ಅವರು ಹಾಸ್ಯ ಮಾಡುತ್ತಿರಲಿಲ್ಲ. ಕಾರು ಮಗುಚಿದಾಗ ನೆಲ ಎಂಬುದು ಆ ಮರದ ಪಟ್ಟಿ. ತಲೆ ಅದರ ಕೆಳಗಿದ್ದರೆ ಕಂಬಿ ಕಾಯುತ್ತದೆ. ಮೇಲಿದ್ದರೆ ಕಂಬಿಗೆ ಮುಂಚೆ ತಲೆಯೇ ನೆಲಕ್ಕೆ ತಾಗುತ್ತದೆ. ಇಷ್ಟು ಸರಳವಾದ ಪರೀಕ್ಷೆ ನನಗೆ ಹೊಳೆದಿರಲಿಲ್ಲ. ಅಲ್ಲಿಗೇ ಅವರ ಪ್ರಶ್ನೆಗಳು ಮುಗಿಯಲೂ ಇಲ್ಲ. ಬೆಲ್ಟ್ ಎಲ್ಲಿದೆ ಎಂದರು. ಇಲ್ಲ ಎಂದೆ. ಬೆಲ್ಟ್ ಇಲ್ಲದೆ ಕಂಬಿ ಇದ್ದರೆ, ಮಗುಚಿದಾಗ ಮನುಷ್ಯ ಹೊರಕ್ಕೆ ಎಸೆಯಲ್ಪಟ್ಟು ಅದೇ ಕಂಬಿಯ ಕೆಳಗೆ ಸಿಕ್ಕಿಕೊಳ್ಳುತ್ತಾನೆ ಎಂದು, ತಮ್ಮ ಕಣ್ಣೆದುರಿನ ಟ್ರ್ಯಾಕ್ಟರೊಂದನ್ನು ತೋರಿಸಿಯೇ ವಿವರಿಸಿದರು. ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರ್‌ಗಳಿಗೆ ಇಂಥ ರಕ್ಷಣಾ ಚೌಕಟ್ಟನ್ನು ಕಡ್ಡಾಯ ಮಾಡಿದ್ದು 1959ರಲ್ಲಿ. ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ, ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಬೆಲ್ಟ್ ಕಾರುಗಳಿಗೆ ಬಂದದ್ದೂ ಅದೇ ವರ್ಷ. ಹೆರಾಲ್ಡ್ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷವಾದರೂ, ನಮ್ಮ ಮನೆಯ ಕಾರಿಗೆ ಅವೆರಡೂ ಇವತ್ತಿನವರೆಗೆ ತಲುಪಿಲ್ಲ. ಅದಕ್ಕೆ ಕಾರಣ ನಾನೇ. ಬಣ್ಣಕ್ಕೆ ಎರಡು ಸಲ ಖರ್ಚು ಮಾಡಿದ್ದೇನೆ, ಕ್ರೋಮ್ ಪಾಲಿಶ್‌ಗೆ ಬೆಂಗಳೂರಿಗೆ ಅಲೆದಿದ್ದೇನೆ.

ತೆರೆದ ಕಾರಿನಲ್ಲಿ ಬಾಗಿಲ ಹಿಂದಿನ ಕಂಬ ಇರುವುದಿಲ್ಲವಾದ್ದರಿಂದ ಭುಜದ ಬೆಲ್ಟನ್ನು ಕಟ್ಟಲು ಎತ್ತರದ ಜಾಗವೇ ಇಲ್ಲ. ನೆಲಕ್ಕೆ ಕಟ್ಟಿದರೆ ಅಪಘಾತದಲ್ಲಿ ಅದು ಭುಜವನ್ನು ಕೆಳಕ್ಕೆ ಜಗ್ಗಿ ಬೆನ್ನುಮೂಳೆಯನ್ನು ಅಮುಕುತ್ತದೆ. ಕಮಾನಿಗೆ ಭುಜದ ಎತ್ತರದಲ್ಲಿ ಒಂದು ಅಡ್ಡಪಟ್ಟಿ ಕೊಟ್ಟರೆ ಆ ಜಾಗ ಸಿಗುತ್ತದೆ. ನನ್ನ ಮನಸ್ಸು ಕಂಬಿಯ ಕಡೆಗೆ ವಾಲಿದ್ದು ಇದನ್ನು ಕೇಳಿದಾಗ. ಕಾರು ಮಗುಚದೆ ಬರೀ ಡಿಕ್ಕಿಯಾದರೂ ಅದು ಉಪಯೋಗಕ್ಕೆ ಬರುತ್ತದೆ. ಇದರ ಬೆಲೆಯನ್ನು ತೆರಬೇಕಾದದ್ದು ಹಿಂದಿನ ಸೀಟು. ಹೆಲ್ಮೆಟ್ ಇಲ್ಲದೆ ಹಿಂದೆ ಕುಳಿತವರ ಮುಖಕ್ಕೆ ಕಮಾನು ನೇರವಾಗಿ ಎದುರಾಗುತ್ತದೆ. ಅದಕ್ಕೆ ಎಷ್ಟೇ ಗಟ್ಟಿ ಫೋಮ್ ಸುತ್ತಿದರೂ ಅಲ್ಲಿ ಮಕ್ಕಳನ್ನು ಕೂರಿಸಲಾಗದು. ನಾನೂ ನನ್ನ ತಂಗಿಯೂ ಬಾಲ್ಯವನ್ನೆಲ್ಲ ಕಳೆದ ಸೀಟು ಅದು. ಬುಧವಾರ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೈಪಿನ ವಿಷಯದಲ್ಲಿ ಮೇಸ್ತ್ರಿಯವರಿಗೂ ನನಗೂ ಭಿನ್ನಾಭಿಪ್ರಾಯವೇ ಬರಲಿಲ್ಲ. ರೇಸಿಂಗ್ ಕಾರುಗಳಿಗೆ ಅಂತಾರಾಷ್ಟ್ರೀಯ ಒಕ್ಕೂಟವಾದ ಎಫ್.ಐ.ಎ. ಹೇಳುವುದು ಜೋಡಣೆಯ ಗೆರೆಯಿಲ್ಲದ ಉಕ್ಕಿನ ಪೈಪು: 45 ಎಂ.ಎಂ. ವ್ಯಾಸಕ್ಕೆ 2.5 ಎಂ.ಎಂ. ದಪ್ಪ, ಇಲ್ಲವೇ 50ಕ್ಕೆ 2. "ನೀರಿನ ಪೈಪು ನೀರಿಗೆ ಸಾರ್" ಎಂದರು ಅವರು. ಹೆರಾಲ್ಡ್‌ನ ನೆಲ ಚಾಸಿಯ ಮೇಲೆ ಕೂರಿಸಿದ ತೆಳು ತಗಡು; ಕಮಾನನ್ನು ಅದಕ್ಕೇ ಬಿಗಿದರೆ ಮಗುಚಿದ ಕ್ಷಣ ಕಮಾನಿನ ಪಾದಗಳು ತಗಡನ್ನು ತೂತು ಮಾಡಿಕೊಂಡು ಆಚೆ ಹೋಗುತ್ತವೆ. ಆದ್ದರಿಂದ ನೆಲದ ಮೇಲೂ ಅಡಿಯಲ್ಲೂ 3 ಎಂ.ಎಂ. ಪ್ಲೇಟು ಕೊಟ್ಟು, ಬಾಡಿಯನ್ನು ಚಾಸಿಗೆ ಹಿಡಿದಿರುವ ಜಾಗಗಳಿಗೇ ಭಾರ ಇಳಿಯುವಂತೆ ಮಾಡಬೇಕೆಂದು ನಿರ್ಧಾರವಾಯಿತು. ಇದಕ್ಕೂ ಮೊದಲು ಹಿಂದಿನ ಸ್ಪ್ರಿಂಗನ್ನು ಬದಲಾಯಿಸುತ್ತೇನೆ. 1970ರ ಸ್ಪಿಟ್‌ಫೈರ್ ಎಂಬ ತನ್ನ ಇನ್ನೊಂದು ಕಾರಿಗೆ ಟ್ರಯಂಫ್ ಕಂಪನಿಯೇ ಹಾಕಿದ, ಚಕ್ರ ಒಳಕ್ಕೆ ಮಡಿಯುವುದನ್ನು ತಗ್ಗಿಸುವ ಸ್ಪ್ರಿಂಗನ್ನು ಹೆರಾಲ್ಡ್‌ಗೂ ಹೊಂದಿಸಿಕೊಂಡವರಿದ್ದಾರೆ. ಉರುಳದಂತೆ ನೋಡಿಕೊಳ್ಳುವುದು, ಉರುಳಿದ ಮೇಲಿನ ಏರ್ಪಾಟಿಗಿಂತ ಮುಂಚಿನ ಕೆಲಸ.

ನಿನ್ನೆ ಮಗಳನ್ನೂ ಕರೆದುಕೊಂಡು ಹೋದೆ. ಅವಳಿಗೆ ಅಜ್ಜನ ಎತ್ತರ ಬಂದಿದೆ. ಕುಳ್ಳಗಿದ್ದ ತಂದೆಯವರು ರಸ್ತೆ ಕಾಣಲೆಂದು ಚಾಲಕನ ಸೀಟಿನ ಅಡಿಗೆ ಒಂದೂವರೆ ಇಂಚಿನ ತೇಗದ ಹಲಗೆ ಇಟ್ಟಿದ್ದರು. ನಾನು ಅದನ್ನು ತೆಗೆದಿರಲಿಲ್ಲ. ಅದೇ ಹಲಗೆಯ ಮೇಲಿನ ಸೀಟಿನಲ್ಲಿ ಅವಳು ಕುಳಿತಾಗ ಮೇಸ್ತ್ರಿ ಪಟ್ಟಿಯನ್ನು ಇಟ್ಟರು. ತಲೆಗೂ ಪಟ್ಟಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ಹಲಗೆ ತೆಗೆದರೆ ನನ್ನ ತಲೆಯೂ ಪಟ್ಟಿಯ ಕೆಳಕ್ಕೆ ಬರುತ್ತಿತ್ತು, ಆದರೆ ಅವಳಿಗೆ ರಸ್ತೆ ಕಾಣುತ್ತಿರಲಿಲ್ಲ. ಹಲಗೆ ಅಲ್ಲೇ ಇರಲಿ ಎಂದೆ.

"ಹಂಗಾದ್ರೆ ನೀವು ಆ ಕಡೆ ಕೂತ್ಕೊಳ್ಳಿ, ನೋಡೋಣ" ಎಂದರು ಮೇಸ್ತ್ರಿ. ನಾನು ಎಡಗಡೆಯ ಸೀಟಿಗೆ ಬಂದು ಕುಳಿತೆ. ಅಲ್ಲಿ ತಂದೆಯವರು ಹಲಗೆ ಇಟ್ಟಿರಲಿಲ್ಲ. ಪಟ್ಟಿ ತಲೆಗೆ ತಾಗಲಿಲ್ಲ, ಆದರೆ ಎರಡೇ ಬೆರಳು ಉಳಿಯಿತು. ಅದು ಸಾಲದೆಂದೂ, ಸೀಟಿನ ಕುಶನ್ನನ್ನು ಬಿಚ್ಚಿಸಿ ಇನ್ನೆರಡು ಬೆರಳು ಇಳಿಸಿಕೊಂಡು ಬರದೆ ಪೈಪು ಬಗ್ಗಿಸುವುದಿಲ್ಲವೆಂದೂ ಹೇಳಿ, ಅವರು ಅಂಗಡಿಯ ಗೋಡೆಯ ಮೇಲೆ ಎರಡೂ ಅಳತೆಗಳನ್ನು ಸೀಮೆಸುಣ್ಣದಿಂದ ಬರೆದುಕೊಂಡರು. ಮಗಳು ಕಾರನ್ನು ಹೊರಗೆ ತಂದಳು. ನಾನು ಎಡಗಡೆಯಲ್ಲೇ ಕುಳಿತು ಮನೆಗೆ ಬಂದೆ.