ಸಿಡ್ನಿಯಿಂದ ಲಂಡನ್‌ಗೆ ಹತ್ತೊಂಬತ್ತು ಗಂಟೆಯಂತೆ!

ಸಿಡ್ನಿಯಿಂದ ಲಂಡನ್ನಿನ ಹೀಥ್ರೂ ಎಷ್ಟು ದೂರ ಅಂತ ಹುಡುಕಿದರೆ ಸುಮಾರು 17,000 ಕಿ.ಮೀ., 19 ಗಂಟೆ ಅಂತ ಬರುತ್ತದೆ. ನಾನೂ ಅದನ್ನೇ ನಂಬಿ ತಂಗಿಗೆ ಹೇಳಿದ್ದೆ. ನನಗೆ ಹಿಡಿದದ್ದು 31 ಗಂಟೆ.

ಆ ಲೆಕ್ಕ ಸುಲಭ. ಭೂಗೋಳದ ಮೇಲೆ ದಾರ ಬಿಗಿಹಿಡಿದು ಅಳೆದ ದೂರ, ಅದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದ್ದು, ಅಷ್ಟೇ. ನಾನು ಹೋದಾಗ ನಡುವೆ ಎಲ್ಲೂ ಇಳಿಯದೆ ಹೋಗುವ ವಿಮಾನವೇ ಇರಲಿಲ್ಲ. ಸಿಂಗಾಪುರಕ್ಕೆ 8 ಗಂಟೆ, ಅಲ್ಲಿಂದ ಲಂಡನ್‌ಗೆ 14. ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ ಬೇರೆ. 2022ರಿಂದ ರಷ್ಯಾದ ಆಕಾಶ ಎಷ್ಟೋ ಕಂಪನಿಗಳಿಗೆ ಮುಚ್ಚಿದೆ, ಹಾಗಾಗಿ ಸುತ್ತು ದಾರಿ.

ಟಿಕೆಟ್‌ನಲ್ಲಿ ಸಂಜೆ 4ಕ್ಕೆ ಹೊರಟು ಮರುದಿನ ಮಧ್ಯಾಹ್ನ 2ಕ್ಕೆ ಇಳಿಯುವುದು ಅಂತಿತ್ತು. 22 ಗಂಟೆ ತಾನೇ ಅಂದುಕೊಂಡೆ. ಅದು ಜುಲೈ. ಸಿಡ್ನಿ ಗಡಿಯಾರ ಲಂಡನ್ನಿಗಿಂತ 9 ಗಂಟೆ ಮುಂದಿರುತ್ತದೆ, ಅದನ್ನೂ ಸೇರಿಸಿದರೆ 31. ಡಿಸೆಂಬರ್‌ನಲ್ಲಾದರೆ 11! ಹೊರಡುವ, ಇಳಿಯುವ ಹೊತ್ತನ್ನು ನೋಡಲೇಬೇಡಿ. ಒಟ್ಟು ಅವಧಿ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನು ನೋಡಿ.

ಅಗ್ಗದ ಟಿಕೆಟ್ ಅಂದರೆ ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ 9 ಗಂಟೆ ಕಾಯುವುದು. ರಾತ್ರಿ 10ಕ್ಕೆ ಇಳಿದವನು ನಿಲ್ದಾಣದೊಳಗೇ ಗಂಟೆ ಲೆಕ್ಕದಲ್ಲಿ ಕೊಡುವ ರೂಮು ಹಿಡಿದೆ. ಕಿಟಕಿ ಇಲ್ಲ, ಸೂಟ್‌ಕೇಸ್ ಬಿಚ್ಚಿದರೆ ಕಾಲಿಡಲು ಜಾಗವಿಲ್ಲ. 6 ಗಂಟೆಯ ದುಡ್ಡು ಕೊಟ್ಟು ಮಲಗಿದ್ದು ಎರಡೇ ಗಂಟೆ. ಏನಾಯ್ತು ಗೊತ್ತಾ? ಹೊರಗೆ ಬಂದರೆ ಕಾಲು ಚಾಚಿ ಒರಗುವ ಕುರ್ಚಿಗಳಲ್ಲಿ ಜನ ಪುಕ್ಕಟೆಯಾಗಿ ಗೊರಕೆ ಹೊಡೆಯುತ್ತಿದ್ದಾರೆ! ನನಗೆ ಗದ್ದಲವಿದ್ದರೂ ನಿದ್ದೆ ಬರುತ್ತದೆ, ಆ ದುಡ್ಡು ಸುಮ್ನೆ ದಂಡ. ಸಣ್ಣ ಸದ್ದಿಗೂ ಎಚ್ಚರವಾಗುವವರು ಮಾತ್ರ ರೂಮು ನೋಡಿ. ಇನ್ನೊಂದು, ಅಲ್ಲಿ ನಮ್ಮ ಟರ್ಮಿನಲ್‌ನಲ್ಲಿ ಭದ್ರತಾ ತಪಾಸಣೆ ಗೇಟಿನ ಬಳಿಯೇ. ಒಳಗೆ ಕೊಂಡ ನೀರಿನ ಬಾಟಲಿಯನ್ನೂ ಖಾಲಿ ಮಾಡಿಸಿದರು.

ಗೊಣಗುತ್ತ ಕೂತಾಗ ಒಂದು ನೆನಪಾಯಿತು. 1947ರಲ್ಲಿ ಇದೇ ಪ್ರಯಾಣಕ್ಕೆ ನಾಲ್ಕು ದಿನ ಬೇಕಿತ್ತು. ಕಲ್ಕತ್ತಾ, ಕರಾಚಿ, ಕೈರೋ ಎಲ್ಲ ಇಳಿದು ಹೋಗಬೇಕಿತ್ತು. ಸ್ವಲ್ಪ ಸಮಾಧಾನವಾಯಿತು, ಸ್ವಲ್ಪವೇ.

ಹೀಥ್ರೂನಲ್ಲಿ ಇಳಿದವರು ಸೀದಾ ನಗರಕ್ಕೆ ಓಡಬೇಡಿ. ಎಲಿಜಬೆತ್ ಲೈನ್ ರೈಲು ಹತ್ತಿ, ಪಂಜಾಬಿ ಜನ ಹೆಚ್ಚಿರುವ ಸೌತ್‌ಹಾಲ್‌ನಲ್ಲಿ ಇಳಿಯಿರಿ. ಸ್ಟೇಷನ್ನಿನ ಬೋರ್ಡೇ ಪಂಜಾಬಿಯ ಗುರುಮುಖಿ ಲಿಪಿಯಲ್ಲೂ ಇದೆ! ಬ್ರಾಡ್‌ವೇ ರಸ್ತೆಯ ಕಡೆ ನಡೆದರೆ ಒಂದು ಪುಟ್ಟ ಅಂಗಡಿ, ನಾಲ್ಕೇ ಮೇಜು. ಅಂಗೈಗಿಂತ ಎರಡು ಪಟ್ಟು ಉಬ್ಬಿದ ಭಟೂರೆ, ಹುಳಿ ಸರಿಯಾಗಿ ಹತ್ತಿದ ಛೋಲೆ, ಹಸಿ ಈರುಳ್ಳಿ, ಉಪ್ಪಿನಕಾಯಿ. 31 ಗಂಟೆ ಟ್ರೇ ಊಟ ತಿಂದ ಬಾಯಿಗೆ ಹಬ್ಬ. ಎರಡನೇ ಸಲ ಛೋಲೆ ಬಡಿಸಿದ ಅಜ್ಜಿ ದುಡ್ಡು ಕೇಳಲಿಲ್ಲ. ಆಮೇಲೆ ಬಿಸಿ ಜಿಲೇಬಿ, ಖಡಕ್ ಚಹಾ. ಜನ ಜಾಸ್ತಿ, ಸೂಟ್‌ಕೇಸ್ ಇಡಲು ಜಾಗ ಕಷ್ಟ. ನಾನು ಮಡಿಲಲ್ಲೇ ಇಟ್ಟುಕೊಂಡು ತಿಂದೆ.

ವಾಪಸು ಬರುವಾಗ ಗಾಳಿ ಹಿಂದಿನಿಂದ ತಳ್ಳಿತು, ಸಿಂಗಾಪುರದವರೆಗೆ ಬೇಗ ಬಂದೆವು. ಸಿಡ್ನಿಯಲ್ಲಿ ಇಳಿದ ಮೇಲೆ ನಿಲ್ದಾಣದೊಳಗಿನ ರೈಲು ಹತ್ತಬೇಡಿ. ಟಿಕೆಟ್ಟಿಗಿಂತ ಜಾಸ್ತಿ ಅಲ್ಲಿನ ಗೇಟಿನ ಶುಲ್ಕವೇ ಕೀಳುತ್ತದೆ. 420ನೇ ಬಸ್ಸಿನಲ್ಲಿ ಮ್ಯಾಸ್ಕಟ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಅದೇ ರೈಲು ಹಿಡಿಯಿರಿ. ಆ ಶುಲ್ಕ ಇರುವುದಿಲ್ಲ.