ಲಂಡನ್, ಕೊವೆಂಟ್ರಿ, ಶೆಫೀಲ್ಡ್: ಒಂದೇ ವರ್ಗದ ಮೂರು ಹಳೆಯ ಫ್ರಿಗೇಟ್‌ಗಳು

ಬ್ರಿಟನ್ನಿನ ನೌಕಾಪಡೆ ಸೇವೆಯಿಂದ ಬಿಡುಗಡೆ ಮಾಡಿದ್ದ ಮೂರು ಫ್ರಿಗೇಟ್‌ಗಳು, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆಗಳು, 2003ರಲ್ಲಿ ಕೈಬದಲಾದವು. ಲಂಡನ್ ಮತ್ತು ಕೊವೆಂಟ್ರಿ ರೊಮೇನಿಯಾದ ಪಾಲಾದರೆ ಶೆಫೀಲ್ಡ್ ಚಿಲಿಗೆ ಹೋಯಿತು. ಮೂರೂ ಟೈಪ್ 22 ವರ್ಗದಲ್ಲಿ ಎರಡನೆಯ ತಂಡವಾಗಿ (ಬ್ಯಾಚ್) ಕಟ್ಟಿದವು, ಮೂರೂ 1987–88ರಲ್ಲಿ ಸೇವೆಗೆ ಸೇರಿದವು, ಮೂರರ ಉದ್ದವೂ ಸುಮಾರು 148 ಮೀಟರ್. ಹಳೆಯ ಯುದ್ಧನೌಕೆ ಕೊಳ್ಳುವುದು ಲಾಭವೋ ನಷ್ಟವೋ ಎಂಬ ಮಾತು ಬಂದಾಗಲೆಲ್ಲ ನನಗೆ ಈ ಮೂರು ಹಡಗುಗಳು ನೆನಪಾಗುತ್ತವೆ. ಒಂದೇ ನಕ್ಷೆಯ, ಹೆಚ್ಚು ಕಡಿಮೆ ಒಂದೇ ವಯಸ್ಸಿನ ಹಡಗುಗಳು ಒಂದೇ ವರ್ಷ ಎರಡು ದೇಶಗಳಿಗೆ ಹೋಗಿ, ಕೆಲವೇ ವರ್ಷಗಳಲ್ಲಿ ಪೂರ್ತಿ ಬೇರೆ ಬೇರೆ ಸಾಮರ್ಥ್ಯದ ನೌಕೆಗಳಾದದ್ದು ಹೇಗೆ ಎಂಬುದನ್ನು ತಿಳಿದರೆ ಈ ವ್ಯವಹಾರದ ಮುಕ್ಕಾಲು ಪಾಲು ತಿಳಿದಂತೆ.

ಟೈಪ್ 22 ಮೂಲತಃ ಜಲಾಂತರ್ಗಾಮಿಗಳನ್ನು ಬೇಟೆಯಾಡಲು ರೂಪಿಸಿದ ವರ್ಗ. ಅದರ ಮೊದಲ ಎರಡು ತಂಡಗಳಲ್ಲಿ ದೊಡ್ಡ ಫಿರಂಗಿಯೇ ಇರಲಿಲ್ಲ. ಶತ್ರುನೌಕೆಗಳ ಮೇಲೆ ಹಾರಿಸಲು ಮುಂಭಾಗದಲ್ಲಿ ನಾಲ್ಕು ಎಕ್ಸೊಸೆಟ್ ಕ್ಷಿಪಣಿಗಳು, ಮೇಲೆರಗುವ ವಿಮಾನ ಮತ್ತು ಕ್ಷಿಪಣಿಗಳನ್ನು ತಡೆಯಲು ಹಿಂದೆ ಮುಂದೆ ಒಂದೊಂದು ಸೀ ವೂಲ್ಫ್ ಕ್ಷಿಪಣಿ ಉಡಾವಣೆಯ ಪೆಟ್ಟಿಗೆ, ಹಿಂಬದಿಯಲ್ಲಿ ಹೆಲಿಕಾಪ್ಟರ್, ಇಷ್ಟೇ ಅದರ ಬಲ. 1982ರ ಫಾಕ್ಲೆಂಡ್ ಯುದ್ಧದಲ್ಲಿ ಇದೇ ವರ್ಗದ ಬ್ರಿಲಿಯಂಟ್ ನೌಕೆಯ ಸೀ ವೂಲ್ಫ್ ಅರ್ಜೆಂಟೀನಾದ ಸ್ಕೈಹಾಕ್ ವಿಮಾನಗಳನ್ನು ಉರುಳಿಸಿತ್ತು. ಅದೇ ಯುದ್ಧದಲ್ಲಿ ಮುಳುಗಿದ ಶೆಫೀಲ್ಡ್ ಮತ್ತು ಕೊವೆಂಟ್ರಿ ಎಂಬ ಎರಡು ಡಿಸ್ಟ್ರಾಯರ್‌ಗಳ ಹೆಸರುಗಳನ್ನು ಆಮೇಲೆ ಕಟ್ಟಿದ ಈ ಫ್ರಿಗೇಟ್‌ಗಳಿಗೆ ಇಟ್ಟರು. ಯುದ್ಧದ ಪಾಠದಿಂದ ಮೂರನೆಯ ತಂಡಕ್ಕೆ 4.5 ಅಂಗುಲದ ಫಿರಂಗಿ ಬಂತು; ಎರಡನೆಯ ತಂಡ ಮಾತ್ರ ಹಾಗೆಯೇ ಉಳಿಯಿತು.

ಹೀಗೆ ಕ್ಷಿಪಣಿಗಳನ್ನೇ ನಂಬಿ ಕಟ್ಟಿದ ಹಡಗಿನಿಂದ ಕ್ಷಿಪಣಿಗಳನ್ನು ತೆಗೆದರೆ ಉಳಿಯುವುದೇನು? ರೊಮೇನಿಯಾದ ವಿಷಯದಲ್ಲಿ ನಡೆದದ್ದು ಅದೇ. 11.6 ಕೋಟಿ ಪೌಂಡ್‌ಗಳ ಆ ಒಪ್ಪಂದದಲ್ಲಿ ಹಡಗುಗಳ ದುರಸ್ತಿ ಮತ್ತು ಸಿಬ್ಬಂದಿಯ ತರಬೇತಿಯೂ ಸೇರಿತ್ತು. ಎಕ್ಸೊಸೆಟ್ ಮತ್ತು ಸೀ ವೂಲ್ಫ್ ಎರಡೂ ಇಲ್ಲದೆ, ಮುಂಭಾಗದಲ್ಲಿ ಇಟಲಿಯ 76 ಮಿಲಿಮೀಟರ್ ಫಿರಂಗಿಯನ್ನು ಹೊಸದಾಗಿ ಹೊತ್ತು, ಕೊವೆಂಟ್ರಿಯು ‘ರೆಜೆಲೆ ಫರ್ಡಿನಾಂಡ್’ ಎಂಬ ಹೆಸರಿನಲ್ಲಿ 2004ರ ಸೆಪ್ಟೆಂಬರ್‌ನಲ್ಲಿಯೂ ಲಂಡನ್ ‘ರೆಜಿನಾ ಮರಿಯಾ’ ಎಂಬ ಹೆಸರಿನಲ್ಲಿ 2005ರ ಏಪ್ರಿಲ್‌ನಲ್ಲಿಯೂ ರೊಮೇನಿಯಾದ ಸೇವೆಗೆ ಸೇರಿದವು. ಕ್ಷಿಪಣಿಗಳನ್ನು ಎರಡನೆಯ ಹಂತದಲ್ಲಿ ಅಳವಡಿಸುವ ಯೋಜನೆಯಿತ್ತು. ಆ ಎರಡನೆಯ ಹಂತ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಇತ್ತು.

ಶೆಫೀಲ್ಡ್‌ನ ಕಥೆ ಬೇರೆ. ‘ಅಲ್ಮಿರಾಂಟೆ ವಿಲಿಯಮ್ಸ್’ ಎಂದು ಹೆಸರು ಬದಲಿಸಿಕೊಂಡ ಆ ಹಡಗಿಗೆ ಚಿಲಿಯವರು ಕೆಲವು ವರ್ಷಗಳಲ್ಲಿ 76 ಮಿಲಿಮೀಟರ್ ಫಿರಂಗಿಯ ಜೊತೆಗೆ ಶತ್ರುನೌಕೆಗಳ ಮೇಲೆ ಹಾರಿಸುವ ಅಮೆರಿಕದ ಹಾರ್ಪೂನ್ ಕ್ಷಿಪಣಿಗಳನ್ನೂ ಮೇಲೆರಗುವುದನ್ನು ತಡೆಯುವ ಇಸ್ರೇಲಿನ ಬರಾಕ್ ಕ್ಷಿಪಣಿಗಳನ್ನೂ ಅಳವಡಿಸಿದರು. ನಮ್ಮ ವಿಮಾನವಾಹಕ ನೌಕೆ ವಿರಾಟ್ ಮೇಲೆ ಇದ್ದದ್ದೂ ಇದೇ ಬರಾಕ್. ಚಿಲಿಗೆ ಬರಾಕ್ ಹೊಸದಾಗಿರಲಿಲ್ಲ. ಬ್ರಿಟನ್ನಿನಿಂದಲೇ ಹಿಂದೆ ಕೊಂಡಿದ್ದ ಕೌಂಟಿ ವರ್ಗದ ಹಳೆಯ ಡಿಸ್ಟ್ರಾಯರ್‌ಗಳಲ್ಲಿ ಅದನ್ನು ಕೂರಿಸಿ, ಬಳಸಿ, ಪಳಗಿದ್ದರು. ಯಾವ ಆಯುಧವನ್ನು ಯಾವ ಕಂಪ್ಯೂಟರಿಗೆ ಜೋಡಿಸಬೇಕು, ಯಾವ ರೇಡಾರಿನ ಸಂಕೇತ ಎಲ್ಲಿಗೆ ಹೋಗಬೇಕು ಎಂಬುದನ್ನು ತಿಳಿದ ಕೈಗಳು ಆ ದೇಶದ ನೌಕಾಂಗಣದಲ್ಲಿ ಇದ್ದವು. ಕೊಳ್ಳುವವನ ಸಾಮರ್ಥ್ಯ ಎಂದರೆ ನನ್ನ ಲೆಕ್ಕದಲ್ಲಿ ಮೊದಲು ಇದು, ಹಣದ ಮಾತು ಆಮೇಲೆ.

ರೊಮೇನಿಯಾವನ್ನು ಸುಮ್ಮನೆ ದೂರುವುದು ನ್ಯಾಯವಲ್ಲ. 2004ರ ಮಾರ್ಚ್‌ನಲ್ಲಿ ನ್ಯಾಟೋ ಸೇರಿದ ಆ ದೇಶಕ್ಕೆ ಮಿತ್ರರಾಷ್ಟ್ರಗಳ ಹಡಗುಗಳ ಜೊತೆ ಮೆಡಿಟರೇನಿಯನ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲಬಲ್ಲ, ಹೆಲಿಕಾಪ್ಟರ್ ಹೊರಬಲ್ಲ, ಅವರ ಪದ್ಧತಿಯಲ್ಲಿಯೇ ಸಂಪರ್ಕ ಸಾಧಿಸಬಲ್ಲ ನೌಕೆ ಬೇಕಿತ್ತು. ರೆಜೆಲೆ ಫರ್ಡಿನಾಂಡ್ 2011ರಲ್ಲಿ ಲಿಬಿಯಾದ ತೀರದಲ್ಲಿ ಶಸ್ತ್ರಾಸ್ತ್ರ ಸಾಗಣೆಯನ್ನು ತಡೆಯುವ ಕಾರ್ಯಾಚರಣೆಗೆ ಹೋಗಿ ಬಂತು. ಅಂಥ ಗಸ್ತಿಗೆ ಫಿರಂಗಿ, ಹೆಲಿಕಾಪ್ಟರ್, ತಪಾಸಣೆಗೆ ಇಳಿಯುವ ದೋಣಿ ಸಾಕು. ಆದರೆ ಕಪ್ಪುಸಮುದ್ರದ ಪರಿಸ್ಥಿತಿ 2014ರ ನಂತರ ಬಿಗಡಾಯಿಸಿತು. 1936ರ ಮಾಂಟ್ರೋ ಒಪ್ಪಂದದ ಪ್ರಕಾರ ಹೊರಗಿನ ದೇಶಗಳ ಯುದ್ಧನೌಕೆಗಳು ಆ ಸಮುದ್ರದಲ್ಲಿ 21 ದಿನಗಳಿಗಿಂತ ಹೆಚ್ಚು ನಿಲ್ಲುವಂತಿಲ್ಲವಾದ್ದರಿಂದ, ಕರಾವಳಿಯ ರಾಷ್ಟ್ರ ತನ್ನ ಸ್ವಂತ ಹಡಗುಗಳನ್ನೇ ನೆಚ್ಚಬೇಕು. ಹಾಗೆ ನೆಚ್ಚಬೇಕಾದ ಹೊತ್ತಿನಲ್ಲಿ ಆ ಎರಡು ದೊಡ್ಡ ಹಡಗುಗಳಲ್ಲಿ ಮೇಲೆರಗುವ ಕ್ಷಿಪಣಿಯನ್ನು ದೂರದಲ್ಲೇ ತಡೆಯುವ ಸಾಧನವಿರಲಿಲ್ಲ. ಇದನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ಅಂಥ ಹಡಗಿನಲ್ಲಿ ಇನ್ನೂರಕ್ಕೂ ಹೆಚ್ಚು ಮನೆಮಕ್ಕಳು ಇರುತ್ತಾರೆ.

ನಾನು ನೌಕಾಪಡೆಯವನಲ್ಲ. ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಹಲವು ವರ್ಷ ದುಡಿದವನು. ಒಮ್ಮೆ ನಮ್ಮ ಕಂಪನಿ ಕೊಂಡ ಹಳೆಯ ಹಡಗೊಂದನ್ನು ವಹಿಸಿಕೊಳ್ಳುವ ತಂಡದಲ್ಲಿ ನಾನೂ ಇದ್ದೆ. ಡ್ರೈ ಡಾಕಿನಲ್ಲಿ ನಿಂತಿದ್ದ ಆ ಹಡಗಿಗೆ ಹೊಸ ಬಣ್ಣ ಬಳಿದಿದ್ದರು, ಎಂಜಿನ್ ರೂಮಿನ ನೆಲದ ತಗಡುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಹೊರಮೈಯ ಉಕ್ಕಿನ ದಪ್ಪವನ್ನು ಅಲ್ಟ್ರಾಸೋನಿಕ್ ಯಂತ್ರದಿಂದ ಅಳೆಯುವವನು ಪ್ರತಿ ಜಾಗಕ್ಕೆ ಸ್ವಲ್ಪ ಜೆಲ್ ಹಚ್ಚಿ, ಅಳೆದು, ಸೀಮೆಸುಣ್ಣದಿಂದ ಅಂಕಿ ಬರೆಯುತ್ತ ಹೋಗುತ್ತಿದ್ದ. ಅಂಕಿಗಳೆಲ್ಲ ಚೆನ್ನಾಗಿಯೇ ಇದ್ದವು. ಆಗ ನಮ್ಮ ಚೀಫ್ ಎಂಜಿನಿಯರ್ ಸಾಹೇಬರು ಒಂದು ನೆಲದ ತಗಡನ್ನು ಎತ್ತಿಸಿ, ಕೆಳಗಿಳಿದು, ಸಮುದ್ರದ ನೀರು ಹಾಯುವ ದಪ್ಪ ಕೊಳವೆಯ ಬಾಗಿನ ಹತ್ತಿರ ಟಾರ್ಚ್ ಹಿಡಿದರು. ಅಲ್ಲಿ ಕೊಳವೆಯನ್ನು ಸುತ್ತುವರಿದ ಒಂದು ಚೌಕಾಕಾರದ ಗಡ್ಡೆಯಿತ್ತು, ಅದಕ್ಕೂ ಹಸಿರು ಬಣ್ಣ ಬಳಿದಿತ್ತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಲೋಹದ ನಾದ ಬರಲಿಲ್ಲ, ಮಣ್ಣಿನ ಮುದ್ದೆಯನ್ನು ತಟ್ಟಿದಂತೆ ಸಪ್ಪಗೆ ಕೇಳಿತು. ಸಿಮೆಂಟ್ ಬಾಕ್ಸ್. ತೂತು ಬಿದ್ದ ಕೊಳವೆಯ ಸುತ್ತ ಹಲಗೆ ಕಟ್ಟಿ ಸಿಮೆಂಟ್ ಸುರಿದು, ಮುಂದಿನ ಬಂದರಿನವರೆಗೆ ಹೇಗೋ ಸಾಗಿಸಲು ಮಾಡುವ ತಾತ್ಕಾಲಿಕ ಉಪಾಯ ಅದು. “ಇದಕ್ಕೂ ಪೇಂಟ್ ಹೊಡೆದಿದ್ದಾರೆ ಅಂದ ಮೇಲೆ ಉಳಿದ ಪೇಂಟನ್ನೂ ಕೆರೆದು ನೋಡಬೇಕು” ಎಂದರು ಸಾಹೇಬರು. ಆ ದಿನದಿಂದ ಪರೀಕ್ಷೆ ಮೂರು ದಿನ ಹೆಚ್ಚಾಯಿತು, ಅಂಥವು ಇನ್ನೂ ನಾಲ್ಕು ಸಿಕ್ಕವು.

ಸರಕು ಹಡಗಿನಲ್ಲಿಯೇ ಹೀಗಾದರೆ ಯುದ್ಧನೌಕೆಯ ಪರೀಕ್ಷೆ ಎಷ್ಟು ಪಟ್ಟು ಕಠಿಣವಿರಬೇಕು! ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ರೈತ, ಅದನ್ನು ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ, ನೊಗ ಹೂಡಿಯೂ ನೋಡುತ್ತಾನೆ. ಫ್ರಿಗೇಟನ್ನೂ ಹಾಗೆಯೇ ಸಮುದ್ರಕ್ಕೆ ಒಯ್ದು ಪೂರ್ಣ ವೇಗದಲ್ಲಿ ಓಡಿಸಬೇಕು, ಗ್ಯಾಸ್ ಟರ್ಬೈನ್‌ಗಳ ಓಟದ ಗಂಟೆಗಳ ದಾಖಲೆಯನ್ನು ಪುಟಪುಟವಾಗಿ ಓದಬೇಕು, ನೀರಿನೊಳಗಿನ ಸದ್ದು ಹಿಡಿಯುವ ಸೋನಾರ್ ಕೇಳುವಾಗ ಹಡಗಿನ ಸ್ವಂತ ಸದ್ದು ಎಷ್ಟಿದೆ ಎಂದು ಅಳೆಯಬೇಕು, ಏಕೆಂದರೆ ಜಲಾಂತರ್ಗಾಮಿಯನ್ನು ಹುಡುಕುವ ನೌಕೆಯ ಯಂತ್ರಗಳೇ ಗದ್ದಲವೆಬ್ಬಿಸಿದರೆ ಅದರ ಕಿವಿ ಕಿವುಡಾದಂತೆ. ಸಿಬ್ಬಂದಿಯ ಲೆಕ್ಕವೂ ಬೇಕು: ಟೈಪ್ 22ರ ಎರಡನೆಯ ತಂಡದ ಒಂದೊಂದು ಹಡಗಿಗೆ ಸುಮಾರು 270 ಜನ ಬೇಕಾಗಿದ್ದರೆ, ಅದರ ನಂತರ ಬಂದ ಟೈಪ್ 23ಕ್ಕೆ ಸುಮಾರು 185 ಜನ ಸಾಕು. ಈ ವ್ಯತ್ಯಾಸವನ್ನು ಸಂಬಳ, ಊಟ, ವಸತಿಗಳ ರೂಪದಲ್ಲಿ ಇಪ್ಪತ್ತು ವರ್ಷ ಹೊರಬೇಕಾಗುತ್ತದೆ.

ಚಿಲಿ ಈ ಲೆಕ್ಕವನ್ನು ಬಲು ಜಾಗರೂಕತೆಯಿಂದ ಹಾಕಿತು ಎಂಬುದು ನನ್ನ ಅಭಿಪ್ರಾಯ. ವಿಲಿಯಮ್ಸ್ ಒಂದನ್ನೇ ಕೊಂಡು ಅದು ನಿಲ್ಲಲಿಲ್ಲ. ನೆದರ್ಲೆಂಡ್ಸ್‌ನಿಂದ ನಾಲ್ಕು, ಬ್ರಿಟನ್ನಿನಿಂದ ಟೈಪ್ 23 ವರ್ಗದ ಮೂರು, ಹೀಗೆ 2003ರಿಂದ 2008ರ ಒಳಗೆ ಒಟ್ಟು ಎಂಟು ಹಳೆಯ ಫ್ರಿಗೇಟ್‌ಗಳನ್ನು ಪಡೆಯಿತು. ನಾರ್ಫೋಕ್, ಮಾರ್ಲ್‌ಬರೋ, ಗ್ರಾಫ್ಟನ್ ಎಂಬ ಆ ಮೂರು ಟೈಪ್ 23ಗಳ ಒಪ್ಪಂದ 13.4 ಕೋಟಿ ಪೌಂಡ್‌ಗಳದ್ದು. ಗ್ರಾಫ್ಟನ್ ಸೇವೆಗೆ ಬಂದದ್ದೇ 1997ರಲ್ಲಿ. ಬ್ರಿಟನ್ 2004ರ ರಕ್ಷಣಾ ಕಡಿತದಲ್ಲಿ ಅದನ್ನು ಕೈಬಿಡದಿದ್ದರೆ ಇಷ್ಟು ಎಳೆಯ ಹಡಗು ಮಾರುಕಟ್ಟೆಗೆ ಬರುತ್ತಲೇ ಇರಲಿಲ್ಲ. ಡಚ್ಚರ ನಾಲ್ಕರಲ್ಲಿ ಎರಡು ಎಂ ವರ್ಗದವು. ಆ ಎರಡಕ್ಕೂ ಟೈಪ್ 23ರ ಮೂರಕ್ಕೂ ರೋಲ್ಸ್ ರಾಯ್ಸ್ ಸ್ಪೇ ಟರ್ಬೈನ್‌ಗಳೇ ಇರುವುದರಿಂದ ಐದು ಹಡಗುಗಳ ಟರ್ಬೈನ್ ಬಿಡಿಭಾಗಗಳಿಗೆ ಒಂದೇ ಉಗ್ರಾಣ ಸಾಕು. ಎಂಜಿನ್ ರೂಮಿನಲ್ಲಿ ಬದುಕಿದ ನನಗೆ ಕ್ಷಿಪಣಿಯ ವ್ಯಾಪ್ತಿಗಿಂತ ಇಂಥ ಸಂಗತಿಯೇ ಹೆಚ್ಚು ಮನಸ್ಸಿಗೆ ನಾಟುತ್ತದೆ. ಇತ್ತೀಚೆಗೆ ಆ ಮೂರು ಟೈಪ್ 23ಗಳಿಗೆ ಹೊಸ ರೇಡಾರ್, ಹೊಸ ಯುದ್ಧನಿರ್ವಹಣಾ ವ್ಯವಸ್ಥೆ, ಸೀ ವೂಲ್ಫ್ ಬದಲು ಸೀ ಸೆಪ್ಟರ್ ಕ್ಷಿಪಣಿಗಳು ಬಂದಿವೆ.

ಭಾರತಕ್ಕೂ ಈ ದಾರಿ ಹೊಸದಲ್ಲ. ಫ್ರಿಗೇಟ್ ಅಲ್ಲದಿದ್ದರೂ, ಎರಡನೆಯ ಮಹಾಯುದ್ಧ ಕಂಡಿದ್ದ ಬ್ರಿಟನ್ನಿನ ನೈಜೀರಿಯಾ ಎಂಬ ಕ್ರೂಸರ್ ಬರ್ಕನ್‌ಹೆಡ್‌ನಲ್ಲಿ ದೀರ್ಘ ದುರಸ್ತಿ ಮುಗಿಸಿ 1957ರ ಆಗಸ್ಟ್‌ನಲ್ಲಿ ಐಎನ್‌ಎಸ್ ಮೈಸೂರು ಆಯಿತು. ನಮ್ಮ ಗಂಡಭೇರುಂಡವನ್ನು ಲಾಂಛನವಾಗಿ ಧರಿಸಿ ಅದು 1985ರವರೆಗೆ, ಅಂದರೆ ಬ್ರಿಟಿಷರ ಕೈಯಲ್ಲಿ ಇದ್ದುದಕ್ಕಿಂತ ಹೆಚ್ಚು ಕಾಲ, ನಮ್ಮಲ್ಲಿ ದುಡಿಯಿತು. ಸೇವೆಗೆ ಸೇರಿಸುವ ಮುನ್ನವೇ ಸಾಕಷ್ಟು ದುರಸ್ತಿ ಮಾಡಿಸಿದರೆ ಹಳೆಯ ಉಕ್ಕು ಎಷ್ಟು ಬಾಳುತ್ತದೆ ಎಂಬುದಕ್ಕೆ ಕನ್ನಡಿಗರ ಹೆಸರು ಹೊತ್ತ ಹಡಗೇ ಸಾಕ್ಷಿಯಾಗಿರುವುದು ನನಗೆ ಹೆಮ್ಮೆಯ ವಿಷಯ.

ಕೆಲವೊಮ್ಮೆ ಹಡಗು ಗಟ್ಟಿಯಿದ್ದರೂ ಅದರ ಆಯುಧಕ್ಕೆ ಆಯುಷ್ಯ ಮುಗಿದಿರುತ್ತದೆ. ಅಮೆರಿಕದ ಪೆರಿ ವರ್ಗದ ಮೆಕ್‌ಇನರ್ನಿ 2010ರಲ್ಲಿ ಪಾಕಿಸ್ತಾನದ ಆಲಮ್‌ಗೀರ್ ಆಗುವ ಹೊತ್ತಿಗೆ ಅದರ ಮುಂಭಾಗದ ಕ್ಷಿಪಣಿ ಉಡಾವಣೆಯ ಯಂತ್ರವನ್ನು ಅಮೆರಿಕದ ನೌಕಾಪಡೆಯೇ ಎಂದೋ ಕಿತ್ತು ಹಾಕಿತ್ತು. ಆದರೆ ಅದೇ ನಕ್ಷೆಯ ತನ್ನ ಹಡಗುಗಳನ್ನು ಆಸ್ಟ್ರೇಲಿಯಾ ಆಧುನೀಕರಿಸಿ, ಆ ಯಂತ್ರವನ್ನು ಉಳಿಸಿಕೊಂಡು, ಅದರಿಂದ ವಿಮಾನಗಳನ್ನು ಹೊಡೆಯುವ ಎಸ್‌ಎಂ-2 ಕ್ಷಿಪಣಿ ಹಾರುವಂತೆ ಮಾಡಿ, ಪಕ್ಕದಲ್ಲಿ ಲಂಬ ಉಡಾವಣೆಯ ಕೋಶಗಳನ್ನೂ ಸೇರಿಸಿತ್ತು. ಅವುಗಳಲ್ಲಿ ಮೆಲ್ಬರ್ನ್ ಮತ್ತು ನ್ಯೂಕ್ಯಾಸಲ್ ಎಂಬ ಎರಡನ್ನು ಕೊಳ್ಳಲು 2018ರಲ್ಲಿ ಪೋಲೆಂಡ್ ಮಾತುಕತೆ ನಡೆಸಿ ಹಿಂದೆ ಸರಿಯಿತು. 2020ರ ಏಪ್ರಿಲ್‌ನಲ್ಲಿ ಚಿಲಿ ಅವೆರಡನ್ನೂ ಕೊಂಡು, ವಯಸ್ಸಾಗಿ ನಿವೃತ್ತಿಯಾದ ಡಚ್ ಹಡಗುಗಳೆರಡರ ‘ಅಲ್ಮಿರಾಂಟೆ ಲಾತೊರೆ’ ಮತ್ತು ‘ಕ್ಯಾಪಿಟನ್ ಪ್ರಾತ್’ ಎಂಬ ಹೆಸರುಗಳನ್ನು ಹೊಸದಾಗಿ ಬಂದ ಈ ಹಳೆಯ ಹಡಗುಗಳಿಗೆ ಇಟ್ಟಿತು.